ಕೊನೆಯ ಪುಟದಿಂದ ಶುರುವಾಗುವ ಕೆಲಸ



ಪತ್ತೇದಾರಿ ಕಾದಂಬರಿ ಬರೆಯುವವರ ಬಗ್ಗೆ ನಮ್ಮ ಜನಕ್ಕೆ ಎರಡು ಗುಮಾನಿಗಳಿವೆ. ಒಂದು, ಈ ಮನುಷ್ಯ ಹಗಲೂ ರಾತ್ರಿ ಕೊಲೆಯ ಬಗ್ಗೆಯೇ ಯೋಚಿಸುತ್ತಿರುತ್ತಾನೆ. ಇನ್ನೊಂದು, ಇವನಿಗೆ ಬೇರೆ ಕೆಲಸವಿಲ್ಲ. ಮೊದಲನೆಯದು ಮುಕ್ಕಾಲು ಪಾಲು ನಿಜ. ಎರಡನೆಯದು ಪೂರಾ ಸುಳ್ಳು. ಈ ಕಸುಬಿನಲ್ಲಿ ಬೇರೆ ಕೆಲಸವಿಲ್ಲದವರನ್ನು ಹುಡುಕುವುದಕ್ಕೇ ಒಬ್ಬ ಪತ್ತೇದಾರ ಬೇಕಾದೀತು. ನಾನು ಮುಂಬೈಯ ಭಾಂಡುಪ್‌ನಲ್ಲಿದ್ದುಕೊಂಡು, ಹೊಟ್ಟೆಪಾಡಿಗೆ ಲೆಕ್ಕಪತ್ರ ಬರೆಯುತ್ತ, ಉಳಿದ ಹೊತ್ತಿನಲ್ಲಿ ಕಾಗದದ ಮೇಲೆ ಒಂದಷ್ಟು ಕೊಲೆ ಮಾಡಿಸಿದವನು. ದೊಡ್ಡ ಹೆಸರೇನೂ ಅಲ್ಲ. ಆದರೆ ಅಡುಗೆಮನೆಯ ಒಳಗಿದ್ದವನಿಗೆ ಒಲೆಯ ಬಿಸಿ ಗೊತ್ತಿರುತ್ತದಲ್ಲ, ಅಷ್ಟರ ಮಟ್ಟಿಗೆ ಈ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳಬಲ್ಲೆ.

ಸಾಮಾಜಿಕ ಕಾದಂಬರಿ ಬರೆಯುವವರು ಮೊದಲ ಸಾಲು ಬರೆದು, ಪಾತ್ರಗಳು ಎಲ್ಲಿಗೆ ಕರೆದುಕೊಂಡು ಹೋಗುತ್ತವೋ ನೋಡೋಣ ಎನ್ನಬಹುದು. ನಮಗೆ ಆ ಭಾಗ್ಯವಿಲ್ಲ. ಪತ್ತೇದಾರಿ ಕಾದಂಬರಿಯಲ್ಲಿ ಎರಡು ಕತೆಗಳಿರುತ್ತವೆ. ನಡೆದುಹೋದ ಕತೆ ಒಂದು. ಅದನ್ನು ಅಗೆದು ತೆಗೆಯುವ ಕತೆ ಇನ್ನೊಂದು. ಓದುಗನ ಕೈಗೆ ಬರುವುದು ಎರಡನೆಯದು. ಬರೆಯುವವನು ಮೊದಲು ಕಟ್ಟಬೇಕಾದದ್ದು ಮೊದಲನೆಯದನ್ನು. ಯಾರು ಯಾರನ್ನು ಕೊಂದರು, ಎಷ್ಟು ಗಂಟೆಗೆ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಕೀಲಿಕೈ ಯಾರ ಬಳಿ ಇತ್ತು, ಮಳೆ ಬರುತ್ತಿತ್ತೇ, ನಾಯಿ ಎಲ್ಲಿತ್ತು. ಇದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ತುಂಬಿಕೊಳ್ಳುತ್ತದೆ. ಅದು ಅಚ್ಚಾಗುವುದಿಲ್ಲ, ಅದಕ್ಕೆ ಸಂಭಾವನೆಯೂ ಇಲ್ಲ. ಕಾದಂಬರಿ ಮುಗಿದ ಮೇಲೆ ಅದನ್ನು ರದ್ದಿಗೆ ಹಾಕುವುದೇ ವಾಡಿಕೆ.

ಇದಕ್ಕೆ ಅಪವಾದವೂ ಉಂಟು. ಬೆಲ್ಜಿಯಂನಲ್ಲಿ ಹುಟ್ಟಿದ ಜಾರ್ಜ್ ಸಿಮೆನಾನ್ ತನ್ನ ಪೊಲೀಸ್ ಅಧಿಕಾರಿ ಮೆಗ್ರೆಯ ಮೇಲೆ ಎಪ್ಪತ್ತೈದು ಕಾದಂಬರಿ ಬರೆದ. ಹಳೆಯ ಲಕೋಟೆಯೊಂದರ ಮೇಲೆ ಹೆಸರು, ವಯಸ್ಸು, ವಿಳಾಸ ಗೀಚಿಕೊಂಡು ಕೂತರೆ ದಿನಕ್ಕೊಂದು ಅಧ್ಯಾಯ. ಕೊನೆ ಏನೆಂದು ತನಗೇ ಮೊದಲು ಗೊತ್ತಿರುವುದಿಲ್ಲ ಎನ್ನುತ್ತಿದ್ದ. ನಂಬಬೇಕೋ ಬೇಡವೋ ನಿಮಗೆ ಬಿಟ್ಟದ್ದು. ನನ್ನಂಥವರು ಹಾಗೆ ಮಾಡಲು ಹೋದರೆ ಹತ್ತನೇ ಅಧ್ಯಾಯದಲ್ಲಿ ಕೊಲೆಗಾರನಾಗಲು ಯಾರೂ ಉಳಿದಿರುವುದಿಲ್ಲ.

ಈಗ ನಮ್ಮ ಭಾಂಡುಪ್‌ನಲ್ಲೇ ಒಂದು ಕೊಲೆ ನಡೆಸಿ ನೋಡೋಣ. ಸೆಂಟ್ರಲ್ ರೈಲ್ವೆಯಲ್ಲಿ ಕಾಂಜೂರ್‌ಮಾರ್ಗ್‌ಗೂ ನಾಹೂರ್‌ಗೂ ನಡುವಿನ ಸ್ಟೇಶನ್ ಇದು. ಮುಂಬೈಯಿಂದ ಠಾಣೆ, ಕಲ್ಯಾಣದ ಕಡೆಗೆ ರೈಲು ಹಾಕಬೇಕೆಂಬ ಯೋಚನೆ ಜಾರ್ಜ್ ಕ್ಲಾರ್ಕ್ ಎಂಬ ಸರ್ಕಾರಿ ಇಂಜಿನಿಯರಿಗೆ ಹೊಳೆದದ್ದು 1843ರಲ್ಲಿ, ಭಾಂಡುಪ್‌ಗೆ ಬಂದಿದ್ದಾಗ ಎಂದು ರೈಲ್ವೆ ಚರಿತ್ರೆಯಲ್ಲಿ ಬರೆದಿಟ್ಟಿದ್ದಾರೆ. ಹತ್ತು ವರ್ಷದ ಮೇಲೆ, 1853ರ ಏಪ್ರಿಲ್ 16ರಂದು, ಬೋರಿಬಂದರಿನಿಂದ ಹೊರಟ ಮೊದಲ ಗಾಡಿ ಇದೇ ದಾರಿಯಲ್ಲಿ ಠಾಣೆಗೆ ಹೋಯಿತು. ಅಂದಮೇಲೆ ಭಾಂಡುಪ್‌ನ ಕೊಲೆಯಲ್ಲಿ ರೈಲಿಗೆ ಒಂದು ಪಾತ್ರ ಕೊಡದಿದ್ದರೆ ನ್ಯಾಯವಲ್ಲ.

ರೈಲ್ವೆ ಟೈಮ್‌ಟೇಬಲ್ ಈ ಕಸುಬಿನ ಹಳೆಯ ಆಯುಧ. ಐರ್ಲೆಂಡಿನ ಫ್ರೀಮನ್ ವಿಲ್ಸ್ ಕ್ರಾಫ್ಟ್ಸ್ ರೈಲ್ವೆ ಇಂಜಿನಿಯರ್ ಆಗಿದ್ದವರು. ಕಾಯಿಲೆ ಬಿದ್ದು ಮಲಗಿದ್ದಾಗ ಹೊತ್ತು ಕಳೆಯಲು ಬರೆಯತೊಡಗಿದ ಅವರ ಮೊದಲ ಪತ್ತೇದಾರಿ ಕಾದಂಬರಿ 1920ರಲ್ಲಿ ಬಂತು. ಆಮೇಲೆ ಗಾಡಿಯ ವೇಳೆ ತೋರಿಸಿ ತಪ್ಪಿಸಿಕೊಳ್ಳುವ ಆರೋಪಿಗಳನ್ನು ನಿಮಿಷ ನಿಮಿಷ ಲೆಕ್ಕ ಹಾಕಿ ಹಿಡಿಯುವುದರಲ್ಲಿ ಅವರು ಹೆಸರಾದರು. ಜಪಾನಿನ ಸೈಚೊ ಮಾತ್ಸುಮೊತೊ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಹೆಸರಾಂತ ಕಾದಂಬರಿಯೊಂದು ಪುಸ್ತಕವಾಗಿ ಬಂದದ್ದು 1958ರಲ್ಲಿ. ಅದರಲ್ಲಿ ಟೋಕಿಯೊ ಸ್ಟೇಶನ್ನಿನ ಹದಿಮೂರನೇ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ಹದಿನೈದನೆಯದು ಸಾಮಾನ್ಯವಾಗಿ ಕಾಣುವುದಿಲ್ಲ, ನಡುವೆ ಸದಾ ಗಾಡಿ ನಿಂತಿರುತ್ತದೆ. ದಿನಕ್ಕೆ ನಾಲ್ಕೇ ನಾಲ್ಕು ನಿಮಿಷ ಮಾತ್ರ ನಡುವಿನ ಹಳಿ ಖಾಲಿ. ಆ ನಾಲ್ಕು ನಿಮಿಷದಲ್ಲಿ ಯಾರೋ ಯಾರನ್ನೋ ಕಂಡರು. ಅದು ಆಕಸ್ಮಿಕವೋ, ಕಾಣಲಿ ಎಂದೇ ಕರೆತಂದು ನಿಲ್ಲಿಸಿದ್ದೋ? ಇಡೀ ಕಾದಂಬರಿ ನಿಂತಿರುವುದು ಆ ಬಿರುಕಿನ ಮೇಲೆ.

ನಮ್ಮಲ್ಲಿ ಅಂಥ ಬಿರುಕು ಇಲ್ಲವೇ? ಮುಂಬೈಯಲ್ಲಿರುವ ಕೇಳುಗರಿಗೆ ಮೆಗಾಬ್ಲಾಕ್ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಊರಿನಲ್ಲಿರುವವರಿಗಾಗಿ ಹೇಳುತ್ತೇನೆ. ಭಾನುವಾರಗಳಲ್ಲಿ ಹಳಿ ದುರಸ್ತಿಗೆಂದು ಕೆಲವು ಗಂಟೆ ಒಂದು ಜೋಡಿ ಹಳಿಯನ್ನು ಮುಚ್ಚುತ್ತಾರೆ. ಮಾಟುಂಗಾದಿಂದ ಮುಲುಂಡ್‌ವರೆಗೆ ಸ್ಲೋ ಹಳಿಯ ಮೇಲೆ ಬ್ಲಾಕ್ ಇದ್ದರೆ ಎಲ್ಲ ಸ್ಟೇಶನ್ನುಗಳಲ್ಲೂ ನಿಲ್ಲುವ ಸ್ಲೋ ಗಾಡಿಗಳನ್ನು ಫಾಸ್ಟ್ ಹಳಿಗೆ ತಿರುಗಿಸುತ್ತಾರೆ. ಆಗ ಅವು ಸಾಯನ್, ಕುರ್ಲಾ, ಘಾಟ್‌ಕೋಪರ್, ವಿಕ್ರೋಲಿ, ಭಾಂಡುಪ್, ಮುಲುಂಡ್‌ಗಳಲ್ಲಿ ನಿಲ್ಲುತ್ತವೆ. ವಿದ್ಯಾವಿಹಾರ್, ಕಾಂಜೂರ್‌ಮಾರ್ಗ್, ನಾಹೂರ್‌ಗಳನ್ನು ದಾಟಿ ಹೋಗಿಬಿಡುತ್ತವೆ. ಈಗ ನೋಡಿ. ನಮ್ಮ ಕಾದಂಬರಿಯ ಸಭ್ಯ ಗೃಹಸ್ಥರೊಬ್ಬರು ಪೊಲೀಸರಿಗೆ ಹೇಳುತ್ತಾರೆ: ಮಧ್ಯಾಹ್ನ ಹನ್ನೆರಡೂವರೆಗೆ ದಾದರಿನಲ್ಲಿ ಸ್ಲೋ ಹತ್ತಿದೆ, ನಾಹೂರ್‌ನಲ್ಲಿ ಇಳಿದೆ, ನಡೆದು ಮನೆಗೆ ಹೋದೆ, ಭಾಂಡುಪ್ ಕಡೆಗೆ ಬರಲೇ ಇಲ್ಲ. ದಾದರಿನ ಟಿಕೆಟ್ಟೂ ಇದೆ. ಎಲ್ಲವೂ ಸರಿ. ಆದರೆ ಅದು ಭಾನುವಾರ. ಆ ಹೊತ್ತಿನಲ್ಲಿ ಯಾವ ಗಾಡಿಯೂ ನಾಹೂರ್‌ನಲ್ಲಿ ನಿಂತಿಲ್ಲ. ನಿಂತದ್ದು ಭಾಂಡುಪ್‌ನಲ್ಲಿ.

ಅಷ್ಟು ಸಿಕ್ಕಿತೆಂದರೆ ಕಾದಂಬರಿ ಸಿಕ್ಕಿತು ಎಂದು ತಿಳಿಯಬೇಡಿ. ಕೊನೆಯ ಪುಟ ಸಿಕ್ಕಿತು, ಅಷ್ಟೇ. ಇನ್ನು ಹಿಂದಕ್ಕೆ ನಡೆಯಬೇಕು. ಇಷ್ಟು ವರ್ಷ ಮುಂಬೈಯಲ್ಲಿದ್ದ ಮನುಷ್ಯ ಮೆಗಾಬ್ಲಾಕನ್ನು ಮರೆತದ್ದಾದರೂ ಹೇಗೆ? ಅದಕ್ಕೆ ಕಾರಣ ಹುಟ್ಟಿಸಬೇಕು. ಬಹುಶಃ ಅವನು ಕಾರಿನಲ್ಲಿ ಓಡಾಡುವವನು, ರೈಲಿನ ಸುದ್ದಿ ಹೆಂಡತಿಯ ಬಾಯಿಂದ ಕೇಳಿದ್ದಷ್ಟೇ. ಹಾಗಾದರೆ ಆ ದಿನ ಕಾರು ಎಲ್ಲಿತ್ತು? ಟಿಕೆಟ್ ಕೊಂಡವರು ಯಾರು? ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಮೂರು ಪ್ರಶ್ನೆ ಎದ್ದು ನಿಲ್ಲುತ್ತವೆ. ಪತ್ತೇದಾರಿ ಲೇಖಕನ ಕೆಲಸದ ದಿನಗಳಲ್ಲಿ ಬಹುಪಾಲು ಹೋಗುವುದು ಇದಕ್ಕೇ. ಬರೆಯುವುದು ಆಮೇಲಿನ ಮಾತು.

ಇನ್ನು ಜಾಗ. ಭಾಂಡುಪ್‌ಗೆ ಎರಡು ಮುಖ. ಸ್ಟೇಶನ್ನಿನ ಪೂರ್ವಕ್ಕೆ ಹೋದರೆ ಉಪ್ಪಿನಗದ್ದೆ, ಕಾಂಡ್ಲಾ ಗಿಡ, ಠಾಣೆಯ ಖಾಡಿ. ಪಂಪಿಂಗ್ ಸ್ಟೇಶನ್ ಹತ್ತಿರ ಚಳಿಗಾಲದಲ್ಲಿ ಫ್ಲೆಮಿಂಗೊ ನೋಡಲು ಕ್ಯಾಮೆರಾ ಹಿಡಿದವರು ಬೆಳಗಿನ ಜಾವಕ್ಕೇ ಬರುತ್ತಾರೆ. ಹೆಣವನ್ನು ಮೊದಲು ಕಾಣುವವರು ಇವರೇ ಆಗಲು ಅಡ್ಡಿಯಿಲ್ಲ. ಪಶ್ಚಿಮಕ್ಕೆ ಬಂದರೆ ಲಾಲ್ ಬಹಾದ್ದೂರ್ ಶಾಸ್ತ್ರಿ ರಸ್ತೆ, ಅದರಾಚೆ ಗುಡ್ಡ, ಗುಡ್ಡದ ಮೈಗೆ ಅಂಟಿಕೊಂಡ ಚಾಳುಗಳು, ಮೇಲೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು, ಆಗಾಗ ಇಳಿದು ಬರುವ ಚಿರತೆ. ನಡುವೆ ಮುಂಬೈಯ ಬಹುಪಾಲು ಜನ ಕುಡಿಯುವ ನೀರು ಶುದ್ಧವಾಗುವ ಭಾಂಡುಪ್ ಕಾಂಪ್ಲೆಕ್ಸ್. 2021ರ ಜುಲೈ 18ರ ಮಳೆಗೆ ಆ ಸ್ಥಾವರದೊಳಕ್ಕೇ ನೀರು ನುಗ್ಗಿ ಯಂತ್ರಗಳು ನಿಂತುಹೋದವು. ಊರೆಲ್ಲ ನೀರು, ನಲ್ಲಿಯಲ್ಲಿ ನೀರಿಲ್ಲ. ಸುದ್ದಿ ಓದಿದ ಸಾಮಾನ್ಯ ಮನುಷ್ಯ ಬಿಂದಿಗೆ ಹುಡುಕುತ್ತಾನೆ. ಪತ್ತೇದಾರಿ ಬರೆಯುವವನು, ಆ ರಾತ್ರಿ ನೀರಿಲ್ಲದೆ ಕೈಯ ರಕ್ತ ತೊಳೆಯಲಾಗದೆ ಹೋದ ಮನುಷ್ಯ ಯಾರು ಎಂದು ಯೋಚಿಸುತ್ತಾನೆ. ನಾಚಿಕೆಯ ಸಂಗತಿ, ಆದರೆ ಕಸುಬು ಕಲಿಸುವ ಬುದ್ಧಿ ಇದು.

ಇದಕ್ಕೆ ಒಂದು ಗಡಿಯನ್ನು ಲೇಖಕನೇ ಹಾಕಿಕೊಳ್ಳಬೇಕು. ಮಳೆ, ರೈಲು, ರಸ್ತೆ ಎಲ್ಲರವು. ನಿಜವಾಗಿ ಸತ್ತವರ ಕತೆ ಅವರ ಮನೆಯವರದು. ಪೇಪರಿನಲ್ಲಿ ಬಂದ ಕೊಲೆಯನ್ನು ಹೆಸರು ಬದಲಿಸಿ ಬರೆಯುವವರಿದ್ದಾರೆ, ಹಣವೂ ಬರುತ್ತದೆ. ನನಗೆ ಅದು ಒಗ್ಗುವುದಿಲ್ಲ.

ಮೊಬೈಲ್ ಫೋನು ನಮ್ಮ ಹೊಟ್ಟೆಯ ಮೇಲೆ ಹೊಡೆಯಿತು ಎಂದರೆ ನೀವು ನಗಬಹುದು. ಹಳೆಯ ಕಾದಂಬರಿಗಳನ್ನು ತೆರೆದು ನೋಡಿ: ಅರ್ಧಕ್ಕರ್ಧ ಸಮಸ್ಯೆಗಳು ಒಂದು ಫೋನ್ ಕರೆಯಲ್ಲಿ ಬಗೆಹರಿಯುವಂಥವು. ನಾಯಕಿ ಅಪಾಯದಲ್ಲಿದ್ದಾಳೆ, ಪತ್ತೇದಾರನಿಗೆ ತಿಳಿಸುವ ಬಗೆ ಹೇಗೆ, ಎರಡು ಅಧ್ಯಾಯ ಅದಕ್ಕೇ. ಈಗ ಒಂದು ಮೆಸೇಜು ಸಾಕು. ಜೊತೆಗೆ ಟವರ್ ಲೊಕೇಶನ್, ಸಿಸಿಟಿವಿ, ಹಣ ಕೊಟ್ಟರೆ ಗುರುತು ಬಿಡುವ ಯುಪಿಐ. ಸುಳ್ಳು ಹೇಳಲು ಜಾಗವೇ ಇಲ್ಲದ ಊರಿನಲ್ಲಿ ಸುಳ್ಳುಗಾರನನ್ನು ಹೇಗೆ ಸಾಕುವುದು? ಹಲವರು ಕತೆಯನ್ನು ಮೊಬೈಲ್ ಬರುವ ಮೊದಲಿನ ಕಾಲಕ್ಕೆ, ಎಂದರೆ 1995ರ ಹಿಂದಕ್ಕೆ, ಒಯ್ದುಬಿಡುತ್ತಾರೆ. ಇನ್ನು ಕೆಲವರು 2005ರ ಜುಲೈ 26ನ್ನು ಆರಿಸುತ್ತಾರೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದ ಆ ರಾತ್ರಿ ರೈಲೂ ಇಲ್ಲ, ಫೋನೂ ಹತ್ತದು. ಯಾರು ಎಲ್ಲಿ ಸಿಕ್ಕಿಕೊಂಡಿದ್ದರು ಎಂಬುದಕ್ಕೆ ಅವರವರ ಮಾತೇ ಸಾಕ್ಷಿ. ನನಗನ್ನಿಸುವುದು, ಇವೆರಡೂ ತಪ್ಪಿಸಿಕೊಳ್ಳುವ ದಾರಿ. ಇವತ್ತಿನ ಮುಂಬೈಯಲ್ಲಿ, ಕ್ಯಾಮೆರಾಗಳ ನಡುವೆಯೇ ಒಂದು ಒಗಟು ಕಟ್ಟಿದವನು ಜಾಣ.

ವಿಷಯ ಸಂಗ್ರಹದ ಬಗ್ಗೆ ನಾಲ್ಕು ಮಾತು. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿ ವಿಷಗಳ ಹೆಸರು, ಪ್ರಮಾಣ ಕಲಿತವರು. 1920ರಲ್ಲಿ ಬಂದ ಅವರ ಮೊದಲ ಪುಸ್ತಕದಲ್ಲೇ ಆ ಕಲಿಕೆ ಇದೆ. ನಮ್ಮವರಲ್ಲಿ ಕೆ.ಎನ್. ಗಣೇಶಯ್ಯನವರು ಕೃಷಿ ವಿಜ್ಞಾನಿ. ಹೊಯ್ಸಳ ಗುಡಿಗಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳವೇ, ಹಾಗಿದ್ದರೆ ಅದು ಅಮೆರಿಕದಿಂದ ಇಲ್ಲಿಗೆ ಬಂದದ್ದು ಯಾವಾಗ ಎಂಬ ವಿಜ್ಞಾನಿಗಳ ಜಗಳವನ್ನೇ ‘ಕನಕ ಮುಸುಕು’ ಕಾದಂಬರಿಯ ರಹಸ್ಯವಾಗಿಸಿದರು. ಇದಕ್ಕೆ ಪೂರಾ ತದ್ವಿರುದ್ಧ ಎಚ್.ಆರ್.ಎಫ್. ಕೀಟಿಂಗ್. ಮುಂಬೈ ಪೊಲೀಸ್ ಇನ್‌ಸ್ಪೆಕ್ಟರ್ ಘೋಟೆ ಎಂಬ ಪಾತ್ರವನ್ನು ಈ ಇಂಗ್ಲಿಷ್ ಲೇಖಕರು 1964ರಲ್ಲಿ ಸೃಷ್ಟಿಸಿದರು, ಅದಕ್ಕೆ ದೊಡ್ಡ ಬಹುಮಾನವೂ ಬಂತು. ಅವರು ಮುಂಬೈಗೆ ಮೊದಲ ಸಲ ಕಾಲಿಟ್ಟದ್ದು ಅದಾದ ಸುಮಾರು ಹತ್ತು ವರ್ಷಕ್ಕೆ! ನಕಾಶೆ, ಪತ್ರಿಕೆ, ಪುಸ್ತಕ ನೋಡಿಕೊಂಡೇ ಅಲ್ಲಿಯವರೆಗಿನ ಕಾದಂಬರಿಗಳನ್ನು ಬರೆದಿದ್ದರು. ಘೋಟೆಯನ್ನು ಓದಿದವರಿಗೆ ಆ ಅಂಜುಬುರುಕ, ಪ್ರಾಮಾಣಿಕ ಪೊಲೀಸ್ ಅಧಿಕಾರಿಯ ಮನಸ್ಸು ಸುಳ್ಳೆನಿಸುವುದಿಲ್ಲ. ಊರು ಕಾಣದೆಯೂ ಮನುಷ್ಯನನ್ನು ಕಾಣಬಹುದು ಎಂದಾಯಿತು.

ನಮಗೆ ಮಾತ್ರ ಆ ಸವಲತ್ತಿಲ್ಲ. ಭಾಂಡುಪ್‌ನ ಹೆಣವನ್ನು ಮರಣೋತ್ತರ ಪರೀಕ್ಷೆಗೆ ಘಾಟ್‌ಕೋಪರಿನ ರಾಜಾವಾಡಿ ಆಸ್ಪತ್ರೆಗೆ ಕಳಿಸದೆ ಇನ್ನೆಲ್ಲಿಗೋ ಕಳಿಸಿದರೆ ಓದುಗ ಹಿಡಿಯುತ್ತಾನೆ. ಒಳಾಂಗದ ಮಾದರಿ ಹೋಗಬೇಕಾದದ್ದು ಕಲೀನಾದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ವರದಿ ಮರುದಿನವೇ ಬರುವುದಿಲ್ಲ. ಪಂಚನಾಮೆಗೆ ಪಂಚರು ಬೇಕು, ಆ ಪಂಚರಾಗಲು ಯಾರೂ ಒಪ್ಪುವುದಿಲ್ಲ ಎಂಬುದೂ ಬೇಕು. ಹುಟ್ಟಿದಾಗಿನಿಂದ ಸಿನಿಮಾದಲ್ಲಿ ಕೇಳಿದ ದಫಾ 302 ಈಗ ಇಲ್ಲ. 2024ರ ಜುಲೈ 1ರಿಂದ ಹೊಸ ನ್ಯಾಯಸಂಹಿತೆಯಲ್ಲಿ ಕೊಲೆಗೆ ಶಿಕ್ಷೆ 103ನೇ ಕಲಂ. ಆ ಸಂಖ್ಯೆಗೆ ಇನ್ನೂ ಭಯ ಹುಟ್ಟಿಸುವ ಶಕ್ತಿ ಬಂದಿಲ್ಲ, ಇನ್ನೂ ಕೆಲವು ವರ್ಷ ಬೇಕು.

ಈಗ ಈ ಕಸುಬಿನ ಹೃದಯಕ್ಕೆ ಬರೋಣ. ಅಡಗಿಸುವುದು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಪತ್ತೇದಾರಿ ಬರೆಯುವವರಿಗೆ ಹತ್ತು ನಿಯಮ ಹಾಕಿಕೊಟ್ಟರು. ಒಂದಕ್ಕಿಂತ ಹೆಚ್ಚು ಗುಪ್ತದ್ವಾರ ಇರಬಾರದು, ಲೋಕಕ್ಕೆ ತಿಳಿಯದ ವಿಷ ಬಳಸಬಾರದು, ಪತ್ತೇದಾರನೇ ಅಪರಾಧಿಯಾಗಬಾರದು, ಅವನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು. ಹೆಚ್ಚಿನವನ್ನು ದೊಡ್ಡ ಲೇಖಕರು ಮುರಿದು ತೋರಿಸಿದ್ದಾರೆ. ಕೊನೆಯದನ್ನು ಮುರಿದವರನ್ನು ಮಾತ್ರ ಓದುಗ ಕ್ಷಮಿಸುವುದಿಲ್ಲ. ಹಾಗಾಗಿ ನಮ್ಮ ಮೆಗಾಬ್ಲಾಕನ್ನು ಓದುಗನಿಗೆ ಹೇಳಲೇಬೇಕು, ಹೇಳಿದ್ದು ಅವನಿಗೆ ತಿಳಿಯಲೂಬಾರದು. ಎರಡನೇ ಅಧ್ಯಾಯದಲ್ಲಿ ಅತ್ತೆ ಮೀನು ತಡವಾಗಿ ಬಂತೆಂದು ಗೊಣಗುತ್ತಾರೆ, ಭಾನುವಾರವೂ ನೆಮ್ಮದಿಯಿಲ್ಲ ಎನ್ನುತ್ತಾರೆ. ಅಲ್ಲಿಗೆ ವಾರ ಹೇಳಿಯಾಯಿತು. ಐದನೇ ಅಧ್ಯಾಯದಲ್ಲಿ ಇನ್‌ಸ್ಪೆಕ್ಟರ್ ವಡಾಪಾವ್ ತಿನ್ನುತ್ತಿರುವಾಗ ಸ್ಟೇಶನ್ನಿನ ಧ್ವನಿವರ್ಧಕ ಮೂರು ಭಾಷೆಯಲ್ಲಿ ಏನೋ ಹೇಳುತ್ತದೆ, ಅರ್ಧ ಕೇಳುತ್ತದೆ, ಅಷ್ಟರಲ್ಲಿ ಯಾರೋ ಅವನ ಜೇಬಿಗೆ ಕೈ ಹಾಕುತ್ತಾರೆ. ಓದುಗನ ಕಣ್ಣು ಜೇಬಿನ ಮೇಲೆ. ಸುಳಿವನ್ನು ಗದ್ದಲದ ಪಕ್ಕದಲ್ಲಿಡಬೇಕು, ಪಟ್ಟಿಯ ನಡುವೆ ಇಡಬೇಕು, ಹಾಸ್ಯದೊಳಗೆ ಇಡಬೇಕು. ಬೆರಳು ತೋರಿಸಿದಂತಿರಬಾರದು, ಬಚ್ಚಿಟ್ಟಂತೆಯೂ ಇರಬಾರದು. ಕೊನೆಯಲ್ಲಿ ಓದುಗ ಹಿಂದಿನ ಪುಟ ತಿರುವಿ, ಅಯ್ಯೋ ಇಲ್ಲೇ ಇತ್ತಲ್ಲ ಎಂದು ಹಣೆ ಚಚ್ಚಿಕೊಂಡರೆ ಸಾಕು, ಅದೇ ನಮಗೆ ಸಿಗುವ ಪ್ರಶಸ್ತಿ. ಬೇರೆ ಪ್ರಶಸ್ತಿಗಳು ನಮ್ಮ ಕಡೆ ತಿರುಗಿ ನೋಡುವುದಿಲ್ಲ.

ಪ್ರಶಸ್ತಿಯ ಮಾತು ಬಂದದ್ದರಿಂದ ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ. ಬಾಬುರಾವ್ ಅರ್ನಾಳಕರ್ ಅವರ ಹೆಸರನ್ನು ಮುಂಬೈಯ ಹಳೆಯ ಮರಾಠಿ ಓದುಗರ ಮುಂದೆ ಹೇಳಿ ನೋಡಿ, ಮುಖ ಅರಳುತ್ತದೆ. ನಿಜವಾದ ಹೆಸರು ಚಂದ್ರಕಾಂತ ಸಖಾರಾಮ ಚವಾಣ್. 1906ರಲ್ಲಿ ಹುಟ್ಟಿ 1996ರಲ್ಲಿ ತೀರಿಕೊಂಡ ಅವರು ಸಾವಿರಕ್ಕೂ ಮಿಕ್ಕಿ ರಹಸ್ಯಕತೆಗಳ ಪುಸ್ತಕ ಬರೆದರು. ಝುಂಝಾರ್, ಕಾಳಾ ಪಹಾಡ್, ಧನಂಜಯ ಇವರೆಲ್ಲ ಅವರು ಹುಟ್ಟಿಸಿದ ಮಕ್ಕಳು. ಸಾವಿರ ಪುಸ್ತಕ ಬರೆದವರು ಜೀವನಕ್ಕೆ ನಂಬಿದ್ದು ಕನ್ನಡಕದ ಅಂಗಡಿಯನ್ನು. ಹಿಂದಿಯ ಸುರೇಂದ್ರ ಮೋಹನ್ ಪಾಠಕ್ ಲಕ್ಷಗಟ್ಟಲೆ ಓದುಗರಿದ್ದೂ ದೆಹಲಿಯಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನ ನೌಕರಿಯನ್ನು ನಿವೃತ್ತಿಯವರೆಗೂ ಬಿಡಲಿಲ್ಲ.

ಕನ್ನಡದಲ್ಲಿ ಎನ್. ನರಸಿಂಹಯ್ಯನವರು. ಓದಿದ್ದು ನಾಲ್ಕನೇ ತರಗತಿ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಅವರ ನಾಯಕರು ಕರ್ನಾಟಕದ ಹಳ್ಳಿ ಹಳ್ಳಿಗೂ ಬಾಡಿಗೆ ಲೈಬ್ರರಿಯ ಮೂಲಕ ಹೋದರು. ಪ್ರಕಾಶಕರು ಹಸ್ತಪ್ರತಿ ಕೊಂಡುಕೊಳ್ಳುತ್ತಿದ್ದ ಕಾಲ ಅದು. ಒಂದು ಸಲ ಇಡಿಗಂಟು ಕೈಗೆ ಬಂದರೆ ಮುಗಿಯಿತು, ಆಮೇಲೆ ಎಷ್ಟು ಮುದ್ರಣವಾದರೂ ಬರೆದವನಿಗೆ ಅದು ಬರಿಯ ಸುದ್ದಿ. ಹಾಗಿದ್ದ ಮೇಲೆ ಬದುಕುವ ದಾರಿ ಒಂದೇ, ಮುಂದಿನ ಪುಸ್ತಕ ಬೇಗ ಮುಗಿಸುವುದು. ಐನೂರು ಎಂಬ ಸಂಖ್ಯೆಯನ್ನು ಪ್ರತಿಭೆಯ ಲೆಕ್ಕವೆಂದು ಬೆರಗಾಗುವವರು ಅದನ್ನು ಕೂಲಿಯ ಲೆಕ್ಕವಾಗಿಯೂ ಓದಬೇಕು. 2011ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದವು.

ಮ. ರಾಮಮೂರ್ತಿಯವರ ಹೆಸರನ್ನು ಇವತ್ತು ಕನ್ನಡಿಗರು ನೆನೆಯುವುದು ಬೇರೆ ಕಾರಣಕ್ಕೆ. ನಮ್ಮ ಹಳದಿ ಕೆಂಪು ಬಾವುಟವನ್ನು ರೂಪಿಸಿದವರು ಅವರು. ನೂರಕ್ಕೂ ಮೇಲ್ಪಟ್ಟು ಪತ್ತೇದಾರಿ ಕಾದಂಬರಿ ಬರೆದು ಜನಪ್ರಿಯರಾಗಿದ್ದವರೂ ಅವರೇ ಎಂಬುದು ಬಾವುಟ ಹಿಡಿದ ಎಷ್ಟು ಜನಕ್ಕೆ ಗೊತ್ತು? 1967ರಲ್ಲಿ ಬಾವಿ ತೋಡಿಸುತ್ತಿದ್ದಾಗ ಮಣ್ಣು ಕುಸಿದು ಇಬ್ಬರು ಗಂಡುಮಕ್ಕಳ ಸಮೇತ ತೀರಿಕೊಂಡರು, ಇನ್ನೂ ಐವತ್ತಾಗಿರಲಿಲ್ಲ. ಟಿ.ಕೆ. ರಾಮರಾಯರದು ಇನ್ನೊಂದು ವಿಚಿತ್ರ. ಪತ್ತೇದಾರಿ ಕತೆಗಳಿಂದ ಹೆಸರಾದವರು, ಆದರೆ 1972ರಲ್ಲಿ ರಾಜಕುಮಾರ್ ನಟಿಸಿದ ‘ಬಂಗಾರದ ಮನುಷ್ಯ’ದ ಮೂಲ ಕಾದಂಬರಿ ಅವರದ್ದೇ. ಹಳ್ಳಿಗೆ ಹಿಂತಿರುಗಿ ಬೇಸಾಯ ಮಾಡಿ ಎಂದು ನಾಡಿಗೆಲ್ಲ ಹೇಳಿದ ಕತೆಯನ್ನು ಕಟ್ಟಿದ್ದು ಕುತೂಹಲವನ್ನು ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲಿಸಬೇಕು ಎಂದು ಬಲ್ಲ ಕೈ.

ಮುಂಬೈ ಕನ್ನಡಿಗರಿಗೂ ಈ ಪುಸ್ತಕಗಳಿಗೂ ಏನು ಸಂಬಂಧ ಎನ್ನುತ್ತೀರಾ? ಇಲ್ಲಿ ಕನ್ನಡದ ಓದು ಎರಡು ಕಡೆ ಬೆಳೆಯಿತು. ಒಂದು, ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದಂಥ ಕಡೆ. ಮೊದಲನೆಯದು 1926ರಲ್ಲಿ, ಎರಡನೆಯದು 1933ರಲ್ಲಿ ಶುರುವಾದವು. ಅಲ್ಲಿ ಉಪನ್ಯಾಸ, ನಾಟಕ, ಕಾವ್ಯವಾಚನ. ಇನ್ನೊಂದು, ಉಡುಪಿ ಹೋಟೆಲುಗಳ ಅಟ್ಟದ ಮೇಲೆ. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ಮಲಗುವ ಮುನ್ನ ತಗಡಿನ ಪೆಟ್ಟಿಗೆಯಿಂದ ಹೊರತೆಗೆಯುತ್ತಿದ್ದದ್ದು ರಕ್ಷಾಪುಟ ಕಿತ್ತುಹೋದ ಪತ್ತೇದಾರಿ. ಭಾಂಡುಪ್‌ನಲ್ಲಿ ಸಿಯೆಟ್ ಟೈರು, ಏಷ್ಯನ್ ಪೇಂಟ್ಸ್, ಗೆಸ್ಟ್ ಕೀನ್ ವಿಲಿಯಮ್ಸ್ ಇಂಥ ಕಾರ್ಖಾನೆಗಳು ಮೂರು ಪಾಳಿಯಲ್ಲಿ ನಡೆಯುತ್ತಿದ್ದ ದಿನಗಳಲ್ಲಿ ರಾತ್ರಿಪಾಳಿಯವರಿಗೂ ಅದೇ ಜೊತೆ. ಊರಿಗೆ ಹೋದವರು ಬರುವಾಗ ನಾಲ್ಕು ತಂದರೆ, ಒಂದೊಂದು ಪ್ರತಿ ಹತ್ತು ಖೋಲಿ ಸುತ್ತುತ್ತಿತ್ತು. ಸುತ್ತಿ ಸುತ್ತಿ ಕೊನೆಯ ಹಾಳೆ ಉದುರಿಹೋಗಿ, ಕೊಲೆಗಾರ ಯಾರೆಂದು ಮೊದಲು ಓದಿದವನನ್ನೇ ಕೇಳಬೇಕಾಗುತ್ತಿತ್ತು. ಅವನು ಒಂದು ಚಹಾ ಕುಡಿಸದೆ ಹೇಳುತ್ತಿರಲಿಲ್ಲ.

ಈ ಊರಿನಲ್ಲಿ ಹುಟ್ಟಿದ ಅತ್ಯಂತ ಒಳ್ಳೆಯ ಕನ್ನಡ ರಹಸ್ಯ ಕಾದಂಬರಿ ಯಾವುದು ಎಂದು ಕೇಳಿದರೆ ನಾನು ಯಶವಂತ ಚಿತ್ತಾಲರ ‘ಶಿಕಾರಿ’ ಎನ್ನುತ್ತೇನೆ. ವಿಮರ್ಶಕರು ಹುಬ್ಬೇರಿಸಲಿ. 1928ರಲ್ಲಿ ಹನೇಹಳ್ಳಿಯಲ್ಲಿ ಹುಟ್ಟಿದ ಚಿತ್ತಾಲರು ಮುಂಬೈಯಲ್ಲಿ ಪ್ಲಾಸ್ಟಿಕ್, ರೆಸಿನ್ನುಗಳ ರಸಾಯನ ಉದ್ಯಮದಲ್ಲಿ ದುಡಿಯುತ್ತಲೇ ಬರೆದವರು, ‘ಶಿಕಾರಿ’ 1979ರದು. ನಾಗಪ್ಪ ಎಂಬ ಅಧಿಕಾರಿಯ ಮೇಲೆ ಕಂಪನಿ ವಿಚಾರಣೆ ಹೂಡುತ್ತದೆ. ತನ್ನ ತಪ್ಪೇನು, ತನ್ನನ್ನು ಬೇಟೆಯಾಡುತ್ತಿರುವವರು ಯಾರು ಎಂದು ಅವನೇ ಹುಡುಕಬೇಕು. ಆರೋಪಿಯೂ ಅವನೇ, ಪತ್ತೇದಾರನೂ ಅವನೇ. ಪ್ರತಿ ಫೋನ್ ಕರೆ, ಪ್ರತಿ ನಗು, ಆಫೀಸಿನ ಒಂದೊಂದು ಪತ್ರ ಸುಳಿವಾಗುತ್ತದೆ. ಚಿತ್ತಾಲರು ಅದನ್ನು ಮನುಷ್ಯನ ಅಸ್ತಿತ್ವದ ಪ್ರಶ್ನೆಯಾಗಿಸಿದರು, ನಿಜ. ಆದರೆ ನನ್ನನ್ನು ಪುಟ ತಿರುಗಿಸುವಂತೆ ಮಾಡಿದ್ದು ಬಾಡಿಗೆ ಲೈಬ್ರರಿಯಿಂದ ನಾನು ಕಲಿತ ಅದೇ ಹಸಿವು.

ಪತ್ತೇದಾರಿ ಲೇಖಕರನ್ನು ಹೊಗಳುವ ಭಾಷಣಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಅವರಿಂದ ಜನ ಓದಲು ಕಲಿತರು, ಆಮೇಲೆ ಕಾರಂತರಿಗೆ, ಕುವೆಂಪು ಅವರಿಗೆ ಏರಿದರು ಎಂದು. ಸತ್ಯವೇ ಇರಬಹುದು. ಆದರೆ ಈ ಹೊಗಳಿಕೆ ನನಗೆ ಸೇರುವುದಿಲ್ಲ. ಹತ್ತಿ ಹೋದ ಮೇಲೆ ಏಣಿಗೆ ಕೈ ಮುಗಿದಂತೆ ಕಾಣುತ್ತದೆ. ಅವರ ಪುಸ್ತಕಗಳನ್ನು ಪುಸ್ತಕಗಳಾಗಿಯೇ ಅಳೆಯಬೇಕು, ಅಳೆದರೆ ಕುಂದುಗಳು ಬೇಕಾದಷ್ಟಿವೆ. ಗಾಯದ ಕಲೆ ಇದ್ದವನು, ಬೆನ್ನು ಬಾಗಿದವನು, ಕಪ್ಪಗಿದ್ದವನು ಖಳನಾಗುವುದು. ಹೆಂಗಸಾದರೆ ಕಿಡಿಗೇಡಿ, ಇಲ್ಲವೇ ಕಿಡ್ನಾಪ್ ಆಗುವವಳು. ಓದುಗನಿಗೆ ತೋರಿಸದ ಸುಳಿವನ್ನು ಕೊನೆಯ ಅಧ್ಯಾಯದಲ್ಲಿ ಕಿಸೆಯಿಂದ ತೆಗೆಯುವುದು. ತಿಂಗಳಿಗಿಷ್ಟು ಪುಟ ತಳ್ಳಬೇಕಾದವನ ಆತುರ ಅದರಲ್ಲಿ ಕಾಣುತ್ತದೆ. ಅದೇ ಸಾಲುಗಳ ಪಕ್ಕದಲ್ಲಿ, ಎಂಟು ಪದದಲ್ಲಿ ಒಂದು ಕೋಣೆಯನ್ನು ಕಣ್ಣಿಗೆ ಕಟ್ಟುವ, ಅಧ್ಯಾಯವನ್ನು ಸರಿಯಾದ ಜಾಗದಲ್ಲಿ ಕತ್ತರಿಸುವ ಕೈಚಳಕವೂ ಇದೆ. ಅದನ್ನು ನಮ್ಮ ಗಂಭೀರ ಲೇಖಕರಲ್ಲಿ ಅನೇಕರು ಕಲಿಯದೆಯೇ ಹೋದರು.

ಇವನ್ನೆಲ್ಲ ಕೂತು ತೂಗಬೇಕೆಂದರೆ ಪುಸ್ತಕಗಳು ಸಿಗಬೇಕಲ್ಲ. ದೊಡ್ಡ ಗ್ರಂಥಾಲಯಗಳು ಕಾದಂಬರಿಯ ಕಪಾಟಿನಲ್ಲಿ ಇವಕ್ಕೆ ಸ್ಥಳ ಕೊಟ್ಟದ್ದು ಕಡಿಮೆ. ಬಾಡಿಗೆ ಲೈಬ್ರರಿಗಳು ಮುಚ್ಚಿದಾಗ ಮೂಟೆಗಟ್ಟಲೆ ರದ್ದಿಗೆ ಹೋದವು. ಅಗ್ಗದ ಕಾಗದ, ಮುಟ್ಟಿದರೆ ಪುಡಿಯಾಗುತ್ತದೆ. ಇನ್ನು ಉಳಿದಿರುವುದು ಮನೆಗಳ ಅಟ್ಟದ ಮೇಲೆ, ಹಳೆಯ ಪೆಟ್ಟಿಗೆಗಳಲ್ಲಿ.

ಹಾಗಾಗಿ ಕೇಳುಗರಲ್ಲಿ ನನ್ನದೊಂದು ವಿನಂತಿ. ಮಳೆಗಾಲಕ್ಕೆ ಮೊದಲು ಮನೆ ಸಾರಿಸುವಾಗ ಅಂಥ ಪುಸ್ತಕ ಕೈಗೆ ಸಿಕ್ಕಿದರೆ ರದ್ದಿಯವನ ತಕ್ಕಡಿಗೆ ಹಾಕಬೇಡಿ. ನಿಮ್ಮ ಊರಿನ ಕನ್ನಡ ಸಂಘಕ್ಕೋ, ಕಾಲೇಜಿನ ಕನ್ನಡ ವಿಭಾಗಕ್ಕೋ ಕೊಟ್ಟುಬಿಡಿ. ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದರೆ ಒತ್ತಾಯ ಮಾಡಿಯಾದರೂ ಕೊಡಿ. ಕೊಡುವ ಮೊದಲು ಕೊನೆಯ ಹಾಳೆ ಇದೆಯೇ ಎಂದು ನೋಡಿ. ಇಲ್ಲದಿದ್ದರೆ, ಮತ್ತು ಕೊಲೆಗಾರ ಯಾರೆಂದು ನಿಮಗೆ ನೆನಪಿದ್ದರೆ, ಒಂದು ಚೀಟಿಯಲ್ಲಿ ಬರೆದು ಒಳಗಿಡಿ.